ಹಾಜರಿ ಪುಸ್ತಕದ ಇನ್ನೂರು ವರ್ಷ

ಶಾಲೆಯ ಹಾಜರಿ ಪುಸ್ತಕವನ್ನು ಚರಿತ್ರೆಯ ಆಕರವೆಂದು ಭಾವಿಸುವ ರೂಢಿ ನಮ್ಮಲ್ಲಿ ಕಡಿಮೆ. ಶಾಸನಕ್ಕೆ, ತಾಳೆಗರಿಗೆ, ಕೈಫಿಯತ್ತಿಗೆ, ಲಾವಣಿಗೆ ಸಲ್ಲುವ ಗೌರವ ಮಾಸ್ತರರ ಕೈಯಲ್ಲಿ ಸವೆದ ಆ ಉದ್ದನೆಯ ಪುಸ್ತಕಕ್ಕೆ ಸಲ್ಲುವುದಿಲ್ಲ. ಆದರೆ ಕನ್ನಡ ನಾಡಿನಲ್ಲಿ ಯಾರು ಓದಿದರು, ಯಾರು ಓದಲಾಗದೆ ಉಳಿದರು, ಉಳಿದವರಿಗಾಗಿ ಯಾರು ಏನು ಮಾಡಿದರು ಎಂದು ತಿಳಿಯಬೇಕಾದರೆ ಆ ಪುಸ್ತಕದ ಬಳಿಗೇ ಹೋಗಬೇಕು. ಮಕ್ಕಳನ್ನು ಎಣಿಸುವುದು, ಎಣಿಕೆಯಲ್ಲಿ ಹಿಂದುಳಿದವರನ್ನು ಗುರುತಿಸುವುದು, ಗುರುತಿಸಿದ ಮೇಲೆ ಅವರನ್ನು ಕೈಹಿಡಿದು ಮುಂದಕ್ಕೆ ತರುವುದು ಎಂಬ ಮೂರು ಕೆಲಸಗಳು ಹೊಸ ಕಾಲದ ಗಣಕಯಂತ್ರದೊಡನೆ ಹುಟ್ಟಿದವೆಂದು ಅನೇಕರು ತಿಳಿದಿದ್ದಾರೆ. ನಮ್ಮ ನಾಡಿನಲ್ಲಿ ಅವುಗಳಿಗೆ ಇನ್ನೂರು ವರ್ಷಗಳ ಚರಿತ್ರೆಯಿದೆ.

ವೆರ್ಣಾದಲ್ಲಿ ನೆಲೆಸಿರುವ ನಮಗೆ ಈ ಚರಿತ್ರೆ ಏಕೆ ಬೇಕು ಎಂದು ಕೇಳಬಹುದು. ಇಲ್ಲಿನ ಕೈಗಾರಿಕಾ ವಸಾಹತಿನ ಸುತ್ತಮುತ್ತ, ಜುವಾರಿನಗರದಿಂದ ವಾಸ್ಕೊದವರೆಗೆ, ವಿಜಯಪುರ, ಬಾಗಲಕೋಟೆ, ಗದಗ, ಹಾವೇರಿ, ಕೊಪ್ಪಳದ ಕಡೆಯಿಂದ ಬಂದ ಕುಟುಂಬಗಳಿವೆ. 2011ರ ಜನಗಣತಿಯ ಪ್ರಕಾರ ಗೋವೆಯ ಜನರಲ್ಲಿ ನೂರಕ್ಕೆ ಸುಮಾರು 4.65 ಮಂದಿಯ ಮಾತೃಭಾಷೆ ಕನ್ನಡ. ಇವರಲ್ಲಿ ಕೆಲವರು ಇಲ್ಲಿಯೇ ಬೇರು ಬಿಟ್ಟವರು. ಹಲವರು ಮಳೆ, ಬಿತ್ತನೆ, ಸುಗ್ಗಿ, ಜಾತ್ರೆಗಳ ಲೆಕ್ಕದಲ್ಲಿ ಊರಿಗೂ ಇಲ್ಲಿಗೂ ಓಡಾಡುವವರು. ಅವರ ಮಕ್ಕಳ ಹೆಸರು ಎರಡು ರಾಜ್ಯಗಳ ಹಾಜರಿ ಪುಸ್ತಕಗಳ ನಡುವೆ ಇರುತ್ತದೆ. ಒಂದರಲ್ಲಿ ಗೆರೆ ಎಳೆದು ಹೊಡೆದುಹಾಕಿದ ದಿನಕ್ಕೂ ಇನ್ನೊಂದರಲ್ಲಿ ಬರೆದ ದಿನಕ್ಕೂ ನಡುವಿನ ಅಂತರವೇ ಎಷ್ಟೋ ಮಕ್ಕಳ ವಿದ್ಯೆಯ ಭವಿಷ್ಯವನ್ನು ತೀರ್ಮಾನಿಸಿಬಿಡುತ್ತದೆ.

ಮೊದಲ ಎಣಿಕೆಯ ಕಥೆ ಬಳ್ಳಾರಿಯದು. ಸರ್ ಥಾಮಸ್ ಮನ್ರೋ ಮದರಾಸಿನ ಗವರ್ನರನಾಗಿದ್ದಾಗ, 1822ರ ಜೂನ್ 25ರಂದು ಒಂದು ಟಿಪ್ಪಣಿ ಬರೆದನು. ಈ ನಾಡಿನ ಜನರ ವಿದ್ಯೆಯ ಬಗ್ಗೆ ಬಲ್ಲವರೂ ಅಲ್ಲದವರೂ ಬಾಯಿಗೆ ಬಂದಂತೆ ಮಾತನಾಡುತ್ತಾರೆ, ಆದರೆ ಸರ್ಕಾರದ ಬಳಿ ಒಂದು ಲೆಕ್ಕವೂ ಇಲ್ಲ ಎಂಬುದು ಅವನ ಚಿಂತೆ. ಪ್ರತಿಯೊಬ್ಬ ಕಲೆಕ್ಟರನೂ ತನ್ನ ಜಿಲ್ಲೆಯ ಶಾಲೆಗಳೆಷ್ಟು, ಪ್ರತಿ ಶಾಲೆಯಲ್ಲಿ ಮಕ್ಕಳೆಷ್ಟು, ಅವರು ಯಾವ ಯಾವ ಜಾತಿಯವರು, ಗಂಡುಮಕ್ಕಳೆಷ್ಟು, ಹೆಣ್ಣುಮಕ್ಕಳೆಷ್ಟು ಎಂದು ಒಂದು ನಮೂನೆಯಲ್ಲಿ ತುಂಬಿ ಕಳುಹಿಸಬೇಕೆಂದು ಅಪ್ಪಣೆಯಾಯಿತು. ಶಾಲೆಗಳ ವ್ಯವಹಾರದಲ್ಲಿ ಕೈಹಾಕುವ ಉದ್ದೇಶ ತನಗಿಲ್ಲವೆಂದೂ ಆತ ಸ್ಪಷ್ಟಪಡಿಸಿದ್ದನು.

ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟ್ 17ರಂದು ಉತ್ತರ ಬರೆದನು. ಕನ್ನಡ ಶಿಕ್ಷಣದ ಚರಿತ್ರೆಯಲ್ಲಿ ಆ ಉತ್ತರಕ್ಕೆ ದೊಡ್ಡ ಸ್ಥಾನವಿದೆ. 9,27,857 ಜನರಿದ್ದ ಆ ಜಿಲ್ಲೆಯಲ್ಲಿ 533 ಶಾಲೆಗಳಿದ್ದವು. ಕನ್ನಡ ಶಾಲೆಗಳು 235, ತೆಲುಗು 226, ಮರಾಠಿ 23, ಸಂಸ್ಕೃತ 23, ಪಾರಸಿ 21, ತಮಿಳು 4, ಇಂಗ್ಲಿಷ್ 1. ಕಲಿಯುವ ಮಕ್ಕಳು ಒಟ್ಟು 6,641. ಅಂದಿನ ಬಳ್ಳಾರಿ ಜಿಲ್ಲೆ ಇಂದಿನದಕ್ಕಿಂತ ಬಹಳ ವಿಶಾಲವಾಗಿತ್ತು. ತೆಲುಗು ಶಾಲೆಗಳು ಕನ್ನಡದಷ್ಟೇ ಇದ್ದುದು ಅದರಿಂದ.

ಅಂಕಿಗಳಿಗಿಂತ ಕ್ಯಾಂಪ್‌ಬೆಲ್ ಕೊಟ್ಟ ವರ್ಣನೆ ನಮಗೆ ಹೆಚ್ಚು ಪ್ರಿಯವಾದುದು. ಐದು ವರ್ಷ ತುಂಬಿದ ಮಗುವಿನ ಮನೆಗೆ ಗುರುವನ್ನೂ ಶಾಲೆಯ ಮಕ್ಕಳನ್ನೂ ಕರೆಸಿ, ಗಣೇಶನ ಮೂರ್ತಿಯ ಸುತ್ತ ಕೂರಿಸಿ, ಅಕ್ಕಿಯ ಮೇಲೆ ಮಗುವಿನ ಬೆರಳು ಹಿಡಿದು ಬರೆಯಿಸುವುದನ್ನು ಅವನು ದಾಖಲಿಸಿದ್ದಾನೆ. ನಮ್ಮ ಮನೆಗಳಲ್ಲಿ ಇಂದಿಗೂ ನಡೆಯುವ ಅಕ್ಷರಾಭ್ಯಾಸವೇ ಅದು. ಬೆಳಗ್ಗೆ ಆರು ಗಂಟೆಗೆ ಶಾಲೆ. ಎಲ್ಲರಿಗಿಂತ ಮೊದಲು ಬಂದವನ ಅಂಗೈ ಮೇಲೆ ಸರಸ್ವತಿಯ ಹೆಸರು ಬರೆಯುತ್ತಿದ್ದರಂತೆ. ಎರಡನೆಯವನಿಗೆ ಒಂದು ಸೊನ್ನೆ. ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಬೆತ್ತದ ಒಂದು ಮೆಲುಪೆಟ್ಟು, ನಾಲ್ಕನೆಯವನಿಗೆ ಎರಡು, ಹೀಗೆ ತಡವಾದಷ್ಟೂ ಏರಿಕೆ. ಅಲ್ಲಿ ಅಂಗೈಯೇ ಹಾಜರಿ ಪುಸ್ತಕವಾಗಿತ್ತು. ಕೊನೆಗೆ ಬಂದವನ ಮನೆ ಎಷ್ಟು ದೂರ, ದನಕ್ಕೆ ಮೇವು ಹಾಕಿ ಬಂದನೇ, ತಮ್ಮನನ್ನು ಎತ್ತಿ ಆಡಿಸಿ ಬಂದನೇ ಎಂದು ಆ ಬೆತ್ತ ಕೇಳುತ್ತಿರಲಿಲ್ಲವೆಂಬುದು ಬೇರೆ ಮಾತು.

ಅದೇ ಪತ್ರದಲ್ಲಿ ಕ್ಯಾಂಪ್‌ಬೆಲ್ ಮನಸಾರೆ ಮೆಚ್ಚಿ ಬರೆದ ಒಂದು ಸಂಗತಿಯಿದೆ. ಮುಂದೆ ಹೋದ ಮಕ್ಕಳಿಂದ ಹಿಂದಿರುವ ಮಕ್ಕಳಿಗೆ ಪಾಠ ಹೇಳಿಸುವ ಕ್ರಮ ಅದು. ಹೇಳಿಕೊಡುವವನ ವಿದ್ಯೆಯೂ ಅದರಿಂದ ಗಟ್ಟಿಯಾಗುತ್ತದೆ, ಇಂಗ್ಲೆಂಡಿನಲ್ಲಿ ಇದನ್ನು ಅನುಕರಿಸಿದ್ದು ಯೋಗ್ಯವೇ ಆಗಿದೆ ಎಂದು ಅವನ ಅಭಿಪ್ರಾಯ. ಹಿಂದುಳಿದ ಮಗುವಿಗೆ ನೆರವಾಗುವ ಉಪಾಯ ನಮ್ಮ ಜಗುಲಿ ಶಾಲೆಗಳಲ್ಲಿ ಆಗಲೇ ಇತ್ತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಶಾಲೆಗಳು ಏಕೆ ಕ್ಷೀಣಿಸುತ್ತಿವೆ ಎಂಬುದಕ್ಕೂ ಅವನು ಕಾರಣ ಕೊಟ್ಟಿದ್ದಾನೆ: ನಾಡು ಬಡವಾಗುತ್ತಿದೆ, ವಿಲಾಯಿತಿಯ ಹತ್ತಿಬಟ್ಟೆ ಬಂದು ನೇಕಾರರ ಗಳಿಕೆ ಕುಸಿದಿದೆ, ಮಕ್ಕಳ ಕೈ ದುಡಿಮೆಗೆ ಬಂದಿತೆನ್ನುವಷ್ಟರಲ್ಲಿ ತಂದೆತಾಯಿಗಳಿಗೆ ಅದರ ನೆರವು ಬೇಕಾಗುತ್ತದೆ. ಕಂಪನಿ ಸರ್ಕಾರದ ಅಧಿಕಾರಿಯೊಬ್ಬ ಕಂಪನಿ ಸರ್ಕಾರಕ್ಕೇ ಹೀಗೆ ಬರೆದದ್ದು ಸಣ್ಣ ಮಾತಲ್ಲ. ಒಂದು ಜಿಲ್ಲೆಯ ಮಕ್ಕಳ ಲೆಕ್ಕ ಕೇಳಿದಾಗ ಲೆಕ್ಕದ ಜೊತೆಗೆ ಕಾರಣವನ್ನೂ ಕೊಟ್ಟ ವರದಿ ಅದು. ಮುಂದೆ ಬಂದ ಎಷ್ಟೋ ವರದಿಗಳಲ್ಲಿ ಈ ಗುಣ ಕಾಣದು.

ಗೋವೆಯ ಗಡಿಗೆ ತಾಗಿಕೊಂಡಿದ್ದ ಜಿಲ್ಲೆ ಏನು ಮಾಡಿತು? ಇಂದಿನ ಉತ್ತರ ಕನ್ನಡ, ಉಡುಪಿ, ದಕ್ಷಿಣ ಕನ್ನಡ, ಕಾಸರಗೋಡು ಎಲ್ಲವೂ ಸೇರಿದ್ದ ಕೆನರಾ ಜಿಲ್ಲೆಯಿಂದ ಅಂಕಿಗಳೇ ಬರಲಿಲ್ಲ. ಇಲ್ಲಿ ಶಿಕ್ಷಣವೆಲ್ಲ ಬಹುಮಟ್ಟಿಗೆ ಮನೆಮನೆಯ ಖಾಸಗಿ ಪಾಠ. ನಮೂನೆ ತುಂಬುವುದಕ್ಕೆ ಹೊತ್ತು ಹಿಡಿಯುವುದೇ ಹೊರತು ಪ್ರಯೋಜನವಿಲ್ಲ ಎಂಬ ಅರ್ಥದ ಉತ್ತರ ಹೋಯಿತು. ಇದೇ ಕೆನರಾಕ್ಕೆ ಮನ್ರೋ 1799ರಲ್ಲಿ ಮೊದಲ ಕಲೆಕ್ಟರನಾಗಿ ಬಂದಿದ್ದವನು! 1826ರ ಮಾರ್ಚ್ 10ರಂದು ಅವನು ಇಡೀ ಪ್ರಾಂತ್ಯದ ಲೆಕ್ಕವನ್ನು ಕ್ರೋಡೀಕರಿಸಿ ಬರೆದಾಗ ಕೆನರಾವೊಂದನ್ನು ಬಿಟ್ಟು ಎಲ್ಲ ಕಡೆಯಿಂದ ಉತ್ತರ ಬಂದಿದೆ ಎಂದು ನಮೂದಿಸಬೇಕಾಯಿತು. ಅಂಕಿ ಕೊಡದ ಆ ಕರಾವಳಿಯ ಒಂದು ಭಾಗವಾದ ದಕ್ಷಿಣ ಕನ್ನಡ 2011ರ ಜನಗಣತಿಯಲ್ಲಿ ಶೇಕಡಾ 88.57ರ ಸಾಕ್ಷರತೆಯೊಡನೆ ರಾಜ್ಯಕ್ಕೆ ಮೊದಲಿಗೆ ನಿಂತಿತು. ಎಣಿಸಿದ ಮಾತ್ರಕ್ಕೆ ವಿದ್ಯೆ ಬರುವುದಿಲ್ಲ, ಎಣಿಸದಿದ್ದ ಮಾತ್ರಕ್ಕೆ ನಿಲ್ಲುವುದೂ ಇಲ್ಲ ಎಂದು ಹಾಸ್ಯಕ್ಕೆ ಹೇಳಬಹುದು.

ಮನ್ರೋನ ಎಣಿಕೆಯಲ್ಲಿ ಒಟ್ಟು 12,498 ಶಾಲೆಗಳು ಕಂಡವು. ಪ್ರತಿ ಜಿಲ್ಲೆಗೂ ಪ್ರತಿ ತಹಶೀಲ್ದಾರಿಗೂ ಶಾಲೆಗಳನ್ನು ತೆರೆಯುವ ಒಂದು ಯೋಜನೆಯನ್ನು ಅವನು ಮಾಡಿದನು. ಮರುವರ್ಷವೇ, 1827ರಲ್ಲಿ, ಕಾಲರಾ ತಗುಲಿ ತೀರಿಹೋದನು. 1836ರ ಹೊತ್ತಿಗೆ ಆ ಶಾಲೆಗಳನ್ನು ಕೈಬಿಡಲಾಯಿತು. ಬಳ್ಳಾರಿಯ 6,641 ಮಕ್ಕಳ ಲೆಕ್ಕ ಮದರಾಸಿಗೆ ಹೋಯಿತು, ಅಲ್ಲಿಂದ ಲಂಡನ್ನಿಗೂ ಹೋಯಿತು. ಬಳ್ಳಾರಿಯ ಒಂದು ಜಗುಲಿಗೂ ಹಿಂತಿರುಗಿ ಬರಲಿಲ್ಲ. 1983ರಲ್ಲಿ ಧರ್ಮಪಾಲರು ಆ ಕಡತಗಳನ್ನು ಪುಸ್ತಕರೂಪದಲ್ಲಿ ಅಚ್ಚು ಹಾಕಿಸಿದ ಮೇಲೆಯೇ ನಮ್ಮವರಿಗೆ ತಮ್ಮ ಪೂರ್ವಜರ ಶಾಲೆಗಳ ಸಂಖ್ಯೆ ವ್ಯಾಪಕವಾಗಿ ತಿಳಿದದ್ದು.

ಇಲ್ಲಿಂದ ಮೈಸೂರಿಗೆ ಬರೋಣ. ಅಲ್ಲಿ ಎಣಿಕೆಯ ಉದ್ದೇಶವೇ ಬೇರೆಯಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಮುಖ್ಯ ನ್ಯಾಯಾಧೀಶ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿದರು. ಸರ್ಕಾರಿ ಹುದ್ದೆಗಳು ಒಂದೇ ಸಮುದಾಯದವರ ಪಾಲಾಗುತ್ತಿರುವುದು ಕಣ್ಣಿಗೆ ಕಾಣುವ ಸಂಗತಿಯಾಗಿತ್ತು. ಅದನ್ನು ಸಂಖ್ಯೆಯಲ್ಲಿ ತೋರಿಸಿ ಪರಿಹಾರ ಹೇಳುವುದು ಸಮಿತಿಯ ಕೆಲಸ. 1919ರ ವರದಿಯು ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಂತೆ, ಕೆಳಗಿನ ಹುದ್ದೆಗಳಲ್ಲಿ ಮೂರರಲ್ಲಿ ಎರಡು ಪಾಲು ಉಳಿದ ಸಮುದಾಯಗಳಿಗೆ ಸಿಗಬೇಕೆಂದಿತು. ಹುದ್ದೆಗೆ ಮೊದಲು ವಿದ್ಯೆ ಬೇಕಲ್ಲವೇ? ಆದುದರಿಂದ ವಿದ್ಯಾರ್ಥಿವೇತನ, ವಿದ್ಯಾರ್ಥಿನಿಲಯಗಳ ಮಾತೂ ಜೊತೆಗೆ ಬಂತು. ಹಳೆಯ ಮೈಸೂರಿನ ಎಷ್ಟೋ ಹಳ್ಳಿಯ ಹುಡುಗರು ಊರು ಬಿಟ್ಟು ಪಟ್ಟಣದ ಹಾಸ್ಟೆಲಿನಲ್ಲಿ ಮುದ್ದೆಯುಂಡು ಓದಿ ಮುಂದೆ ಬಂದ ಪರಂಪರೆಯ ಹಿಂದೆ ಇಂಥ ಲೆಕ್ಕಾಚಾರಗಳ ಬಲವಿದೆ.

ಏಕೀಕರಣದ ಅನಂತರ ಎಣಿಕೆ ಇನ್ನೂ ಸೂಕ್ಷ್ಮವಾಯಿತು. 1960ರಲ್ಲಿ ನೇಮಕವಾದ ಡಾ. ಆರ್. ನಾಗನಗೌಡ ಸಮಿತಿಯು ಹೈಸ್ಕೂಲಿನ ಕೊನೆಯ ಮೂರು ತರಗತಿಗಳಲ್ಲಿ ಓದುತ್ತಿರುವ ಮಕ್ಕಳು ಆಯಾ ಸಮುದಾಯದ ಸಾವಿರ ಜನರಿಗೆ ಎಷ್ಟು ಮಂದಿ ಎಂದು ಲೆಕ್ಕ ತೆಗೆಯಿತು. ರಾಜ್ಯದ ಸರಾಸರಿ ಸಾವಿರಕ್ಕೆ 6.9 ಬಂತು. ಅದಕ್ಕಿಂತ ಕೆಳಗಿರುವುದು ಶೈಕ್ಷಣಿಕ ಹಿಂದುಳಿದಿರುವಿಕೆಯ ಗುರುತಾಯಿತು. ಆದರೆ ಸರ್ಕಾರದ ಆದೇಶ ಹೊರಡುವ ಹೊತ್ತಿಗೆ ಸರಾಸರಿಗಿಂತ ಕೂದಲೆಳೆಯಷ್ಟು ಮೇಲೆ, 7.1ರಲ್ಲಿ, ನಿಂತ ಸಮುದಾಯವೂ ಪಟ್ಟಿಯೊಳಗೆ ಬಂದಿತ್ತು. ಒಟ್ಟು ಮೀಸಲಾತಿ ಶೇಕಡಾ 68ಕ್ಕೆ ಏರಿತ್ತು. 1962ರ ಸೆಪ್ಟೆಂಬರಿನಲ್ಲಿ ಬಾಲಾಜಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಆದೇಶವನ್ನು ಎತ್ತಿಹಾಕಿತು. ಸರಾಸರಿಯ ಆಸುಪಾಸಿನಲ್ಲಿರುವವರನ್ನು ಹಿಂದುಳಿದವರೆನ್ನಲಾಗದು, ಅದಕ್ಕಿಂತ ಸಾಕಷ್ಟು ಕೆಳಗಿರುವವರು ಮಾತ್ರ ಹಾಗೆ ಎನಿಸಿಕೊಳ್ಳಬಹುದು ಎಂಬುದು ತೀರ್ಪಿನ ಒಂದು ತಿರುಳು. ಹೈಸ್ಕೂಲಿನ ಹಾಜರಿ ಪುಸ್ತಕ ದೆಹಲಿಯ ನ್ಯಾಯಪೀಠದ ಮೇಜಿನ ಮೇಲೆ ಚರ್ಚೆಗೆ ಬಂದ ಸಂದರ್ಭ ಅದು. ದಶಾಂಶದ ಬಿಂದುವೊಂದು ಎಷ್ಟು ಮನೆಗಳ ಮಕ್ಕಳಿಗೆ ಸಂಬಂಧಿಸಿದ್ದೆಂದು ನಾಡಿಗೆ ಅಂದು ಅರಿವಾಯಿತು.

ದೇವರಾಜ ಅರಸು ಅವರ ಕಾಲದಲ್ಲಿ, 1972ರಲ್ಲಿ ನೇಮಕಗೊಂಡ ಎಲ್. ಜಿ. ಹಾವನೂರು ಆಯೋಗವು ಓದುತ್ತಿರುವವರ ಸಂಖ್ಯೆಗೆ ನಿಲ್ಲದೆ ಎಸ್ಸೆಸ್ಸೆಲ್ಸಿ ತೇರ್ಗಡೆಯಾದವರ ಸಂಖ್ಯೆಯನ್ನು ಹಿಡಿಯಿತು. ಇದು ಮಹತ್ವದ ಬದಲಾವಣೆ. ಶಾಲೆಯ ಬಾಗಿಲು ಹೊಕ್ಕವರು ಬೇರೆ, ಕೊನೆಯವರೆಗೆ ದಾಟಿದವರು ಬೇರೆ. ನಡುವೆ ಬಿಟ್ಟುಹೋದವರ ಕಥೆ ಹೊಕ್ಕವರ ಲೆಕ್ಕದಲ್ಲಿ ಸಿಗುವುದಿಲ್ಲ. 1975ರ ಆ ವರದಿಯ ಪರಿಣಾಮಗಳನ್ನು ಕುರಿತು ಬೇಕಾದಷ್ಟು ಬರೆದವರಿದ್ದಾರೆ. ನಾವು ಇಲ್ಲಿ ವಿಸ್ತರಿಸುವುದಿಲ್ಲ.

ಮಿಲ್ಲರ್‌ನಿಂದ ಹಾವನೂರುವರೆಗಿನ ಎಣಿಕೆ ಜಾತಿ, ಸಮುದಾಯಗಳದು. ಹೊಸ ಶತಮಾನದ ಆರಂಭದಲ್ಲಿ ನೆಲವನ್ನೇ ಎಣಿಸುವ ಕೆಲಸ ನಡೆಯಿತು. ಪ್ರೊ. ಡಿ. ಎಂ. ನಂಜುಂಡಪ್ಪನವರ ಸಮಿತಿ 2002ರಲ್ಲಿ ಕೊಟ್ಟ ವರದಿಯನ್ನು ಉತ್ತರ ಕರ್ನಾಟಕದಿಂದ ಬಂದ ನಮ್ಮಲ್ಲಿ ಹಲವರು ಹೆಸರಿನಿಂದಲಾದರೂ ಬಲ್ಲರು. 175 ತಾಲ್ಲೂಕುಗಳನ್ನು 35 ಸೂಚಕಗಳಿಂದ ಅಳೆದು 114 ತಾಲ್ಲೂಕುಗಳು ಹಿಂದುಳಿದಿವೆ ಎಂದು ಅದು ಹೇಳಿತು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು, ಆ 39ರಲ್ಲಿ 21 ಗುಲಬರ್ಗಾ ವಿಭಾಗಕ್ಕೆ ಸೇರಿದವು. ಸೂಚಕಗಳಲ್ಲಿ ರಸ್ತೆ, ನೀರಾವರಿ, ಬ್ಯಾಂಕುಗಳ ಜೊತೆಗೆ ಸಾಕ್ಷರತೆ, ಒಬ್ಬ ಶಿಕ್ಷಕರಿಗೆ ಎಷ್ಟು ಮಕ್ಕಳು, ಶಾಲೆಯಿಂದ ಹೊರಗುಳಿದ ಮಕ್ಕಳೆಷ್ಟು ಎಂಬುವೂ ಇದ್ದವು. ಎಂಟು ವರ್ಷಗಳಲ್ಲಿ 31,000 ಕೋಟಿ ರೂಪಾಯಿ ವೆಚ್ಚದ ಯೋಜನೆಯನ್ನು ಸಮಿತಿ ಸೂಚಿಸಿತು. 2012ರ 98ನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ 371ಜೆ ಸೇರಿ ಆ ಭಾಗಕ್ಕೆ ವಿಶೇಷ ಸ್ಥಾನ ಸಿಕ್ಕಿತು. 2019ರಲ್ಲಿ ಹೆಸರೂ ಕಲ್ಯಾಣ ಕರ್ನಾಟಕವಾಯಿತು. ವೆರ್ಣಾದ ಕಾರ್ಖಾನೆಗಳಿಗೆ, ಕಟ್ಟಡದ ಕೆಲಸಗಳಿಗೆ ಜನ ಎಲ್ಲಿಂದ ಬರುತ್ತಾರೆ ಎಂದು ತಿಳಿಯಲು ಬೇರೆ ಸಮೀಕ್ಷೆ ಬೇಕಾಗಿಲ್ಲ. ಆ ವರದಿಯ ತಾಲ್ಲೂಕುಗಳ ಪಟ್ಟಿಯನ್ನು ಓದಿದರೆ ನಮ್ಮ ನೆರೆಮನೆಯವರ ಊರುಗಳೇ ಸಾಲಾಗಿ ಸಿಗುತ್ತವೆ.

ಮೇಲಿನ ಎಲ್ಲ ಎಣಿಕೆಗಳಲ್ಲಿ ಒಂದು ಸಾಮ್ಯವಿದೆ. ಅವೆಲ್ಲವೂ ಹಳ್ಳಿಯಿಂದ ರಾಜಧಾನಿಗೆ ಹೋದ ಲೆಕ್ಕಗಳು. ಅವುಗಳಿಂದ ಆದೇಶ ಬಂತು, ಅನುದಾನ ಬಂತು, ಹಾಸ್ಟೆಲು ಬಂತು, ಮೀಸಲಾತಿ ಬಂತು. ಇದು ಕಡಿಮೆಯ ಸಾಧನೆಯಲ್ಲ. ಅದರ ಫಲವುಂಡವರು ನಮ್ಮಲ್ಲಿಯೇ ಇದ್ದೇವೆ. ಆದರೆ ಮೂರನೆಯ ತರಗತಿಯ ಹುಡುಗಿಯೊಬ್ಬಳು ಒತ್ತಕ್ಷರದ ಬಳಿ ಬಂದು ನಿಂತುಬಿಟ್ಟಿದ್ದಾಳೆ ಎಂಬ ಸುದ್ದಿ ಸಾವಿರಕ್ಕೆ 6.9 ಎಂಬ ಅಂಕಿಯಲ್ಲಿ ಇರುವುದಿಲ್ಲ, ಇರಲೂ ಸಾಧ್ಯವಿಲ್ಲ. ಆ ಸುದ್ದಿ ಗೊತ್ತಿರಬೇಕಾದವರು ಅವಳ ಅಕ್ಕೋರು ಮಾತ್ರ. ಅಂಥ ಎಣಿಕೆ ನಮ್ಮ ನಾಡಿನಲ್ಲಿ ಹುಟ್ಟಿದ್ದು ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ, 1995ರಲ್ಲಿ. ಈ ಲೇಖನದಲ್ಲಿ ನಾವು ಹೆಚ್ಚು ಹೊತ್ತು ನಿಲ್ಲಬಯಸುವುದು ಅಲ್ಲಿಯೇ.

ಹೆಗ್ಗಡದೇವನಕೋಟೆ ಕಬಿನಿಯ ದಡದ, ಕಾಡಂಚಿನ ತಾಲ್ಲೂಕು. ಹಾಡಿಯ ಮಕ್ಕಳು, ಕೂಲಿಯವರ ಮಕ್ಕಳು ಒಂದು ವಾರ ಬಂದರೆ ಎರಡು ವಾರ ಬರುತ್ತಿರಲಿಲ್ಲ. ಒಬ್ಬರೇ ಶಿಕ್ಷಕರ ಎದುರಿಗೆ ಎರಡು ಮೂರು ತರಗತಿಗಳ ಮಕ್ಕಳು ಒಟ್ಟಿಗೆ ಕೂರುತ್ತಿದ್ದರು. ಪಾಠ ಮಾತ್ರ ಎಲ್ಲರಿಗೂ ಒಂದೇ ವೇಗದಲ್ಲಿ ಓಡುತ್ತಿತ್ತು. ಆ ತಾಲ್ಲೂಕಿನ ಶಿಕ್ಷಕರ ಒಂದು ತಂಡ ಆಂಧ್ರದ ಮದನಪಲ್ಲಿಯ ಬಳಿಯ ಋಷಿ ವ್ಯಾಲಿಗೆ ಹೋಗಿ, ಅಲ್ಲಿನ ಹಳ್ಳಿಶಾಲೆಗಳ ಕ್ರಮವನ್ನು ನೋಡಿ ಬಂದಿತು. ಯುನಿಸೆಫ್ ನೆರವಾಯಿತು. ಬಂದವರು ಕನ್ನಡಕ್ಕೆ ಹೊಂದುವಂತೆ ತಾವೇ ಕಾರ್ಡುಗಳನ್ನು ಬರೆದರು. ಹೀಗೆ ‘ನಲಿ ಕಲಿ’ ಹುಟ್ಟಿತು.

ನಮ್ಮ ಓದುಗರಲ್ಲಿ ಮನೆಮಕ್ಕಳು ಅದರಲ್ಲಿ ಕಲಿತವರು ಇರುವುದರಿಂದ ಅದರ ರೂಪ ಕೆಲವರಿಗೆ ಪರಿಚಿತವೇ. ಗೋಡೆಯ ಮೇಲೆ ಕಲಿಕಾ ಏಣಿ ಇರುತ್ತದೆ. ಪುಸ್ತಕದ ಪಾಠಗಳ ಬದಲು ಮೈಲಿಗಲ್ಲುಗಳು. ಪ್ರತಿ ಮೈಲಿಗಲ್ಲಿನಲ್ಲಿ ಹಲವು ಮೆಟ್ಟಿಲು. ಪ್ರತಿ ಮೆಟ್ಟಿಲಿಗೂ ಪ್ರಾಣಿಯದೋ ವಸ್ತುವಿನದೋ ಚಿತ್ರ. ಇನ್ನೂ ಓದಲು ಬಾರದ ಮಗುವೂ ಚಿತ್ರ ನೋಡಿ ತಾನು ಯಾವ ಮೆಟ್ಟಿಲಿನಲ್ಲಿದ್ದೇನೆ, ಮುಂದಿನ ಕಾರ್ಡು ಯಾವುದು ಎಂದು ತಾನೇ ಹುಡುಕಿಕೊಳ್ಳುತ್ತದೆ. ಮಕ್ಕಳು ಸಾಲಿನಲ್ಲಿ ಕೂರದೆ ಗುಂಪಿನಲ್ಲಿ ಕೂರುತ್ತಾರೆ: ಶಿಕ್ಷಕರ ನೆರವು ಪೂರ್ತಿ ಬೇಕಾದವರು ಒಂದೆಡೆ, ಸ್ವಲ್ಪ ಬೇಕಾದವರು ಇನ್ನೊಂದೆಡೆ, ಗೆಳೆಯರಿಂದ ಕಲಿಯುವವರು ಮತ್ತೊಂದೆಡೆ, ತಾವಾಗಿಯೇ ಮಾಡಬಲ್ಲವರು ಬೇರೊಂದೆಡೆ. ಬಳ್ಳಾರಿಯ ಜಗುಲಿಯಲ್ಲಿ ಕ್ಯಾಂಪ್‌ಬೆಲ್ ಮೆಚ್ಚಿದ ಕ್ರಮವೇ 170 ವರ್ಷಗಳ ಅನಂತರ ಮತ್ತೊಂದು ಹೆಸರಿನಲ್ಲಿ ತರಗತಿಯೊಳಕ್ಕೆ ಬಂದಿತೆಂದರೆ ತಪ್ಪಾಗದು. ಯಾವ ಮಗು ಯಾವ ಮೆಟ್ಟಿಲು ಮುಗಿಸಿತು ಎಂಬುದನ್ನು ಶಿಕ್ಷಕರು ಪ್ರಗತಿ ನೋಟದಲ್ಲಿ ಗುರುತು ಹಾಕುತ್ತಾರೆ.

ಈ ಏರ್ಪಾಟಿನ ಹಿರಿಮೆ ಒಂದೇ ಮಾತಿನಲ್ಲಿದೆ: ಏಣಿ ಕಾಯುತ್ತದೆ. ಹದಿನೈದು ದಿನ ಜಾತ್ರೆಗೋ ಕೂಲಿಗೋ ಹೋದ ಮಗು ಮರಳಿ ಬಂದಾಗ ತಾನು ಬಿಟ್ಟ ಮೆಟ್ಟಿಲಿನಿಂದಲೇ ಆರಂಭಿಸುತ್ತದೆ. ಹಳೆಯ ಕ್ರಮದಲ್ಲಿ ಆ ಹದಿನೈದು ದಿನದ ಪಾಠ ಅದರ ಪಾಲಿಗೆ ಇಲ್ಲವಾಗುತ್ತಿತ್ತು, ಮುಂದಿನದು ಅರ್ಥವಾಗುತ್ತಿರಲಿಲ್ಲ, ಅರ್ಥವಾಗದ ಕಡೆ ಕೂರಲು ಯಾವ ಮಗುವಿಗೂ ಮನಸ್ಸಿರದು. ಬರುಬರುತ್ತಾ ಬರುವುದನ್ನೇ ನಿಲ್ಲಿಸುತ್ತಿತ್ತು. ಇಲ್ಲಿ ಲೆಕ್ಕ ರಾಜಧಾನಿಗೆ ಹೋಗಿ ಬರಬೇಕಾಗಿಲ್ಲ. ಲೆಕ್ಕ ಬರೆದವರೇ ಮರುಗಳಿಗೆಯಲ್ಲಿ ಪರಿಹಾರವನ್ನೂ ಮಾಡುತ್ತಾರೆ.

2009–10ರಿಂದ ನಲಿ ಕಲಿಯನ್ನು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಕೆಳ ತರಗತಿಗಳಿಗೆಲ್ಲ ವಿಸ್ತರಿಸಲಾಯಿತು. ಒಂದು ತಾಲ್ಲೂಕಿನ ಶಿಕ್ಷಕರು ತಾವೇ ಬಯಸಿ ಕಟ್ಟಿದ್ದು ಸುತ್ತೋಲೆಯ ಮೂಲಕ ಎಲ್ಲ ಕಡೆಗೆ ಹೋದಾಗ ಎಲ್ಲ ಕಡೆಯೂ ಅದೇ ಜೀವ ಉಳಿಯಿತೆಂದು ಹೇಳಲಾಗದು. ಪ್ರಗತಿ ನೋಟ ತುಂಬುವುದೇ ಕೆಲಸವಾಗಿ, ಮಗುವನ್ನು ನೋಡುವುದು ಮರೆತರೆ ಏಣಿಯೂ ಗೋಡೆಯ ಚಿತ್ರವಾಗಿಬಿಡುತ್ತದೆ. ಹಾಗಿದ್ದರೂ ನಮ್ಮ ತೀರ್ಮಾನ ಸ್ಪಷ್ಟ: ಈ ಇನ್ನೂರು ವರ್ಷಗಳಲ್ಲಿ ಕನ್ನಡ ನಾಡು ಮಕ್ಕಳ ಲೆಕ್ಕವನ್ನು ಮಕ್ಕಳ ಹಿತಕ್ಕೆ ಬಳಸಿದ ಅತ್ಯುತ್ತಮ ಉದಾಹರಣೆ ಹೆಗ್ಗಡದೇವನಕೋಟೆಯದು.

ಅನಂತರದ ದಶಕಗಳಲ್ಲಿ ಅಳತೆಗೋಲುಗಳು ಬಹಳ ಹೆಚ್ಚಿದವು. ಅಜೀಂ ಪ್ರೇಮ್‌ಜಿ ಪ್ರತಿಷ್ಠಾನವು ಸರ್ಕಾರದೊಡನೆ ಸೇರಿ ಈಶಾನ್ಯ ಕರ್ನಾಟಕದ ಜಿಲ್ಲೆಗಳಲ್ಲಿ 2002ರಿಂದ ನಡೆಸಿದ ಕಲಿಕಾ ಖಾತರಿ ಕಾರ್ಯಕ್ರಮದಲ್ಲಿ ಶಾಲೆಗಳು ತಾವಾಗಿಯೇ ಮುಂದೆ ಬಂದು ತಮ್ಮ ಮಕ್ಕಳ ಕಲಿಕೆಯನ್ನು ಹೊರಗಿನವರ ಪರೀಕ್ಷೆಗೆ ಒಡ್ಡಿಕೊಂಡವು. ಆ ಅನುಭವದ ಹಿನ್ನೆಲೆಯಲ್ಲಿ 2005–06ರಲ್ಲಿ ಶಾಲಾ ಗುಣಮಟ್ಟವನ್ನು ಅಳೆಯುವ ರಾಜ್ಯಮಟ್ಟದ ಸಂಸ್ಥೆಯೇ ಬಂದಿತು. ಅಕ್ಷರ ಪ್ರತಿಷ್ಠಾನದ ಗಣಿತ ಕಲಿಕಾ ಆಂದೋಲನ ಗ್ರಾಮ ಪಂಚಾಯತಿಯ ಅಂಗಳದಲ್ಲಿಯೇ ಗಣಿತ ಸ್ಪರ್ಧೆ ನಡೆಸಿ, ತಮ್ಮೂರಿನ ಮಕ್ಕಳಿಗೆ ಭಾಗಾಕಾರ ಬರುತ್ತದೆಯೋ ಇಲ್ಲವೋ ಎಂಬುದನ್ನು ತಂದೆತಾಯಿಗಳ ಎದುರಿಗೆ ಇಟ್ಟಿತು. ಇವುಗಳಲ್ಲಿ ಕೊನೆಯದು ನಮಗೆ ಹೆಚ್ಚು ಹಿಡಿಸುತ್ತದೆ. ಲೆಕ್ಕ ಊರಿನಲ್ಲಿಯೇ ಉಳಿಯಿತಲ್ಲ.

ಅಳತೆಗೋಲು ಬಾಗಿದ್ದರೆ ಏನಾಗುತ್ತದೆ ಎಂಬುದನ್ನೂ ಕಂಡಿದ್ದೇವೆ. 2024ರ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಕೊಠಡಿಗಳಿಗೆ ಕ್ಯಾಮೆರಾ ಹಾಕಿ ನೇರವಾಗಿ ವೀಕ್ಷಿಸಲಾಯಿತು. ಹಿಂದಿನ ವರ್ಷ 83.89 ಇದ್ದ ತೇರ್ಗಡೆಯ ಪ್ರಮಾಣ, ಕೃಪಾಂಕಗಳನ್ನು ಧಾರಾಳವಾಗಿ ಕೊಟ್ಟ ಮೇಲೂ, 73.40ಕ್ಕೆ ಇಳಿಯಿತು. ಉಡುಪಿ 94ರಲ್ಲಿ, ಯಾದಗಿರಿ 50.59ರಲ್ಲಿ ನಿಂತವು. ಅದೇ ಯಾದಗಿರಿ 2011ರ ಜನಗಣತಿಯಲ್ಲಿ ಶೇಕಡಾ 51.83ರ ಸಾಕ್ಷರತೆಯೊಡನೆ ರಾಜ್ಯದಲ್ಲಿ ಕೊನೆಯದಾಗಿತ್ತು. ಮಕ್ಕಳು ಒಂದು ವರ್ಷದಲ್ಲಿ ದಡ್ಡರಾದರೆಂದು ಯಾರೂ ಹೇಳುವುದಿಲ್ಲ. ಹಿಂದಿನ ಅಂಕಿಗಳು ನೆರವು ಬೇಕಾದ ಮಕ್ಕಳನ್ನು ಮರೆಮಾಚಿದ್ದವು, ಅಷ್ಟೇ. ಸುಳ್ಳು ಲೆಕ್ಕದಿಂದ ಶಾಲೆಗೆ ಹೆಸರು ಬರಬಹುದು. ಮಗುವಿಗೆ ಬರಬೇಕಾಗಿದ್ದ ಪರಿಹಾರ ಬೋಧನೆ ತಪ್ಪಿಹೋಗುತ್ತದೆ.

ಇನ್ನು ನಮ್ಮ ವೆರ್ಣಾದ ಮಾತಿಗೆ ಬರಬಹುದು. ಈ ಊರಿಗೆ ವಲಸೆ ಹೊಸದಲ್ಲ. ಪೋರ್ಚುಗೀಸರ ಕಾಲದಲ್ಲಿ, 16ನೆಯ ಶತಮಾನದಲ್ಲಿ, ಇಲ್ಲಿನ ಮಹಾಲಸಾ ದೇವಿಯನ್ನು ಹೊತ್ತು ಜನ ಮಾರ್ದೊಳಕ್ಕೆ ಹೋದರು. ಹಲವು ಕುಟುಂಬಗಳು ಕನ್ನಡ ಕರಾವಳಿಗೆ ಇಳಿದವು. ಈಗ ಜನ ಎದುರು ದಿಕ್ಕಿನಿಂದ ಬರುತ್ತಿದ್ದಾರೆ.

ಕರ್ನಾಟಕದ ಶಾಲೆಗಳಲ್ಲಿ ವರ್ಷದ ಆರಂಭಕ್ಕೆ ಸೇತುಬಂಧವೆಂಬ ಕಾರ್ಯಕ್ರಮ ಇರುತ್ತದೆ. ಮೊದಲು ನೈದಾನಿಕ ಪರೀಕ್ಷೆ ಮಾಡಿ ಹಿಂದಿನ ತರಗತಿಯದು ಏನು ಬರುವುದಿಲ್ಲವೆಂದು ನೋಡುತ್ತಾರೆ, ಅದನ್ನು ಕಲಿಸುತ್ತಾರೆ, ಕೊನೆಗೆ ಸಾಫಲ್ಯ ಪರೀಕ್ಷೆ. ಕೊರೋನಾದ ಅನಂತರ 2022–23ರಲ್ಲಿ ಬಂದ ಕಲಿಕಾ ಚೇತರಿಕೆಯೂ ಇದೇ ತತ್ತ್ವವನ್ನು ಇಡೀ ವರ್ಷಕ್ಕೆ ಹಿಗ್ಗಿಸಿದ್ದು. ಒಳ್ಳೆಯ ಕ್ರಮ. ಆದರೆ ಜೂನ್ ತಿಂಗಳಲ್ಲಿ ತಂದೆತಾಯಿಯೊಡನೆ ಗೋವೆಯಲ್ಲಿದ್ದು ಆಗಸ್ಟಿನಲ್ಲಿ ಊರಿಗೆ ಮರಳಿದ ಮಗುವಿಗೆ ಸೇತುವೆ ಕಟ್ಟಿ ಮುಗಿದಿರುತ್ತದೆ. ಅಲ್ಲಿಂದ ಇಲ್ಲಿಗೆ ಬಂದ ಮಗುವಿನ ಕಷ್ಟ ಇನ್ನೊಂದು ಬಗೆಯದು. ಗೋವೆಯ ಸರ್ಕಾರಿ ಪ್ರಾಥಮಿಕ ಶಾಲೆಗಳು ಬಹುಪಾಲು ಮರಾಠಿ ಅಥವಾ ಕೊಂಕಣಿ ಮಾಧ್ಯಮದವು. ಊರಿನಲ್ಲಿ ಕನ್ನಡವನ್ನು ಸರಾಗವಾಗಿ ಓದುತ್ತಿದ್ದ ಎಂಟು ವರ್ಷದ ಹುಡುಗ ಇಲ್ಲಿ ಓದುವ ಪರೀಕ್ಷೆಯಲ್ಲಿ ಸೊನ್ನೆ ಪಡೆಯುತ್ತಾನೆ. ದಾಖಲೆಯಲ್ಲಿ ಅವನು ‘ಓದಲು ಬಾರದವನು’. ಅವನಿಗೆ ಬಾರದಿರುವುದು ಓದಲ್ಲ, ಈ ಭಾಷೆ ಎಂಬ ವ್ಯತ್ಯಾಸವನ್ನು ಬರೆಯಲು ಆ ಪಟ್ಟಿಯಲ್ಲಿ ಕಾಲಮು ಇಲ್ಲ. ಆಮೇಲೆ ಕೊಡುವ ಪರಿಹಾರವೂ ತಪ್ಪಿದ ರೋಗನಿದಾನಕ್ಕೆ ಕೊಟ್ಟ ಮದ್ದಿನಂತೆ. ಬೇಕಾಗಿದ್ದುದು ಭಾಷೆಯ ಸಂಭಾಷಣೆ, ಸಿಕ್ಕಿದ್ದು ಅ ಆ ಇ ಈಯಿಂದ ಮರಳಿ ಆರಂಭ.

ಕಾನೂನು ಈ ಮಕ್ಕಳನ್ನು ಮರೆತಿಲ್ಲ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ 4ನೆಯ ಕಲಮು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಂಡು ವಿಶೇಷ ತರಬೇತಿ ಕೊಡಬೇಕೆನ್ನುತ್ತದೆ. 5ನೆಯ ಕಲಮು ರಾಜ್ಯದ ಒಳಗೇ ಆಗಲಿ ಹೊರಗೇ ಆಗಲಿ ಬೇರೆ ಶಾಲೆಗೆ ಹೋಗುವ ಹಕ್ಕನ್ನು ಕೊಟ್ಟಿದೆ. ವರ್ಗಾವಣೆ ಪತ್ರ ತಡವಾಯಿತೆಂಬ ಕಾರಣಕ್ಕೆ ಸೇರಿಸಿಕೊಳ್ಳದೆ ಇರುವಂತಿಲ್ಲ. ಇದನ್ನು ಅರಿಯದೆ ಟಿ.ಸಿ. ಸಿಗಲಿಲ್ಲವೆಂದು ಮಕ್ಕಳನ್ನು ತಿಂಗಳುಗಟ್ಟಲೆ ಮನೆಯಲ್ಲಿ ಕೂರಿಸಿಕೊಂಡ ಕುಟುಂಬಗಳು ನಮ್ಮ ನಡುವೆ ಇವೆ. ದಾಖಲೆಯ ಕಡೆಯಿಂದಲೂ ಕೆಲಸ ನಡೆದಿದೆ. ಕರ್ನಾಟಕದ ಪ್ರತಿ ಮಗುವಿಗೆ ಸ್ಯಾಟ್ಸ್ ಸಂಖ್ಯೆಯಿದೆ. ಕೇಂದ್ರದ ಯುಡೈಸ್ ಪ್ಲಸ್ 2022–23ರಿಂದ ಶಾಲೆಯ ಒಟ್ಟು ಸಂಖ್ಯೆಯ ಬದಲು ಒಬ್ಬೊಬ್ಬ ಮಗುವಿನ ವಿವರ ಪಡೆಯುತ್ತಿದೆ. 2023ರಿಂದ ಅಪಾರ್ ಎಂಬ 12 ಅಂಕಿಯ ಗುರುತು ಬಂದಿದೆ. ಮನ್ರೋ ಎಣಿಸಿದ್ದು ಶಾಲೆಗಳನ್ನು, ಮಿಲ್ಲರ್ ಸಮುದಾಯಗಳನ್ನು, ನಂಜುಂಡಪ್ಪನವರು ತಾಲ್ಲೂಕುಗಳನ್ನು. ಈಗ ಎಣಿಕೆ ಮಗುವಿನ ಹೆಸರಿನವರೆಗೆ ಬಂದು ಮುಟ್ಟಿದೆ. ಮಗು ಎಲ್ಲಿದೆ ಎಂದು ಹುಡುಕಲು ಇದು ನಿಜಕ್ಕೂ ದೊಡ್ಡ ನೆರವು. ಮಗುವಿಗೆ ಏನು ಬರುತ್ತದೆ ಎಂಬುದು ಬೇರೆ ಪ್ರಶ್ನೆ.

ವರ್ಗಾವಣೆ ಪತ್ರವನ್ನು ಬಿಡಿಸಿ ನೋಡಿ. ಮಗುವಿನ ಹೆಸರು, ತಂದೆತಾಯಿಯ ಹೆಸರು, ಜಾತಿ, ಜನ್ಮದಿನಾಂಕ, ಸೇರಿದ ದಿನ, ಬಿಟ್ಟ ದಿನ, ತರಗತಿ, ನಡತೆ. ಕಾಗುಣಿತ ಎಲ್ಲಿಯವರೆಗೆ ಬಂದಿದೆ, ಕಳೆಯುವ ಲೆಕ್ಕದಲ್ಲಿ ದಶಕ ತೆಗೆದುಕೊಳ್ಳಲು ಬರುತ್ತದೆಯೇ, ಏಣಿಯ ಯಾವ ಮೆಟ್ಟಿಲಿನಲ್ಲಿ ನಿಂತಿತ್ತು ಎಂಬುದಕ್ಕೆ ಅಲ್ಲಿ ಸ್ಥಳವಿಲ್ಲ. ಊರಿನ ಅಕ್ಕೋರಿಗೆ ಗೊತ್ತಿದ್ದುದು ಊರಿನಲ್ಲಿಯೇ ಉಳಿಯುತ್ತದೆ. ಇಲ್ಲಿನ ಶಿಕ್ಷಕಿ ಮೊದಲಿನಿಂದ ತಡಕಾಡಬೇಕು. ಅರ್ಧ ಹಾಳೆಯಷ್ಟು ಬರೆಹ ಸಾಕು ಈ ಕೊರತೆಗೆ. ನಮ್ಮ ಸಂಘದ ಕುಟುಂಬಗಳಲ್ಲಿ ಶಾಲೆಯ ಕೆಲಸ ಬಲ್ಲವರಿದ್ದಾರೆ, ಎರಡು ಮೂರು ಭಾಷೆ ಬರೆಯಬಲ್ಲ ಯುವಕ ಯುವತಿಯರು ಮನೆಮನೆಯಲ್ಲಿ ಇದ್ದಾರೆ. ಹೊಸದಾಗಿ ಬಂದ ಮಗುವನ್ನು ಶಾಲೆಗೆ ಸೇರಿಸುವ ಮುನ್ನ ಒಂದು ಸಂಜೆ ಕೂರಿಸಿಕೊಂಡು, ಕನ್ನಡದಲ್ಲಿ ಅದಕ್ಕೆ ಏನು ಓದಲು ಬರುತ್ತದೆ, ಯಾವ ಲೆಕ್ಕ ಬರುತ್ತದೆ ಎಂದು ಕೇಳಿ, ಹಾಳೆಯ ಒಂದು ಬದಿಗೆ ಕನ್ನಡದಲ್ಲಿಯೂ ಇನ್ನೊಂದು ಬದಿಗೆ ಇಲ್ಲಿನ ಶಿಕ್ಷಕರು ಓದಬಲ್ಲ ಭಾಷೆಯಲ್ಲಿಯೂ ಬರೆದುಕೊಡಬಹುದು. ಸುಗ್ಗಿಗೆ ಮಗು ಊರಿಗೆ ಹೊರಟಾಗ ಇಲ್ಲಿ ಕಲಿತದ್ದನ್ನು ಅದೇ ಹಾಳೆಯ ಕೆಳಗೆ ಸೇರಿಸಿ, ಅದರ ಪಾಟಿಚೀಲದಲ್ಲಿಯೇ ಇಟ್ಟು ಕಳುಹಿಸಬೇಕು.